ಗದ್ದಲದೊಳಗೆ ಎರಡು ಅಳತೆ

ಬೆಳಗಿನ ಐದು ಗಂಟೆ. ಮಸ್ಕಿಯ ಮನೆಯ ಅಡುಗೆಕಟ್ಟೆಯ ಮೇಲೆ ಹಾಳೆ ಹರವಿಕೊಂಡ ಕಹಕಶಾಗೆ ಪಕ್ಕದಲ್ಲಿ ಚಹಾ ಉಕ್ಕುತ್ತಿರುವುದೂ ಗೊತ್ತಾಗುವುದಿಲ್ಲ. ತಾಯಿ ಕರೀಮಾಬಿ ಬಂದು ಒಲೆ ಆರಿಸುತ್ತಾರೆ. ಪ್ರಬಂಧದ ಹದಿನೇಳನೇ ಪುಟದಲ್ಲಿ ಪೆನ್ನು ನಿಂತು ನಾಲ್ಕು ದಿನವಾಯಿತು.

ಲಿಂಗಸುಗೂರಿನ ಕಾಲೇಜೊಂದರಲ್ಲಿ ಕಹಕಶಾ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ವಾರಕ್ಕೆ ಹದಿನೈದು ತಾಸು ಪಾಠ, ದಿನಕ್ಕೆ ಎರಡು ಬಸ್ಸು. ಉಳಿದ ಹೊತ್ತು ಬೆಳಕಿನ ಕಣಗಳಿಗೆ. ಕಣವೊಂದರ ಅಲೆ ದಾರಿಯಲ್ಲಿ ಎಷ್ಟು ಸರಿಯಿತು, ಅದನ್ನು ಕದಡಿದ ಹೊರಗಿನ ಅಡಚಣೆ, ಅಂದರೆ ಗದ್ದಲ, ಎಷ್ಟು, ಎರಡನ್ನೂ ಒಮ್ಮೆಗೇ ಎಷ್ಟು ನಿಖರವಾಗಿ ಅಳೆಯಬಹುದು ಎಂಬುದು ಅವರ ಪ್ರಶ್ನೆ.

"ಒಂದನ್ನ ಚಲೋತ್ನಂಗ ಅಳಿಯಾಕ ಹೋದ್ರ ಇನ್ನೊಂದು ಕೈ ತಪ್ಪತೈತ್ರಿ. ಯಂತ್ರದ ದೋಷ ಅಲ್ಲ, ಕಣದ ಸ್ವಭಾವನ ಹಂಗ," ಎನ್ನುತ್ತಾರೆ.

ಕಣಗಳನ್ನು ಜೋಡಿಯಾಗಿಸಿ ಅಳೆದರೆ ಈ ನಷ್ಟ ತಗ್ಗುತ್ತದೆ ಎಂದು ಅವರು ಮೂರು ವರ್ಷ ಲೆಕ್ಕ ಹಾಕಿ ತೋರಿಸಿದ್ದರು. ಪ್ರಯೋಗಾಲಯವಿಲ್ಲ, ಇದ್ದದ್ದು ಹಾಳೆ ಮತ್ತು ಹಳೇ ಲ್ಯಾಪ್‌ಟಾಪ್. ಪ್ರಬಂಧ ಕಳಿಸಿದ ಸಂಶೋಧನಾ ಪತ್ರಿಕೆಯಿಂದ ಒಂದೇ ಪ್ರಶ್ನೆ ಬಂತು: ಜೋಡಿಯ ಎರಡೂ ಕಣಗಳಿಗೆ ಒಂದೇ ಗದ್ದಲ ತಗುಲಿದರೆ? ಕಹಕಶಾ ಪ್ರತಿ ಕಣದ ಗದ್ದಲವೂ ಬೇರೆ ಎಂದು ಹಿಡಿದಿದ್ದರು. ಹಾಗೆ ಹಿಡಿದದ್ದನ್ನು ಎಲ್ಲೂ ಬರೆದಿರಲಿಲ್ಲ. ಉತ್ತರಕ್ಕೆ ಇವತ್ತೇ ಕಡೇ ದಿನ.

"ಮೂರು ದಿನ ಆತು, ನೀ ಹೊಟ್ಟಿ ತುಂಬ ಉಂಡಿಲ್ಲ, ಬೇಟಿ," ಎನ್ನುತ್ತಾರೆ ಕರೀಮಾಬಿ.

ಮೊದಲ ಬಸ್ಸಿಗೆ ಕಹಕಶಾ ಸಿಂಧನೂರಿಗೆ ಹೊರಡುತ್ತಾರೆ. ಅಲ್ಲಿ ಅವರಿಗೆ ಗಣಿತ ಕಲಿಸಿದ, ಈಗ ನಿವೃತ್ತರಾದ ವಿರೂಪಾಕ್ಷಪ್ಪ ಇದ್ದಾರೆ. ಮೇಷ್ಟ್ರು ಮುಕ್ಕಾಲು ತಾಸು ಹಾಳೆ ತಿರುವುತ್ತಾರೆ. ಕಹಕಶಾ ದುಪಟ್ಟಾದ ಅಂಚು ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಾರೆ.

"ತಪ್ಪೈತೇನ್ರೀ ಸರ್?"

"ಲೆಕ್ಕ ಸರಿ ಐತವ್ವ. ಆದ್ರ ನೀ ಹೇಳಿದಷ್ಟು ದೂರ ಹೋಗಂಗಿಲ್ಲ. ಎರಡಕ್ಕೂ ಒಂದಽ ಗದ್ದಲ ಇದ್ರ ಜೋಡಿಯಿಂದ ಏನೂ ಲಾಭ ಇಲ್ಲ."

"ಇದನ್ನ ಬರದ್ರ ಅವ್ರು ವಾಪಸ್ ಕಳಸ್ತಾರ್ರೀ."

"ಬರೀದಿದ್ರ?"

ಕಹಕಶಾ ಹಾಳೆ ಮಡಚಿಕೊಂಡು ಎದ್ದರು. ಲಿಂಗಸುಗೂರು ತಲುಪಿದವರೇ ಕಾಲೇಜಿನ ಗ್ರಂಥಾಲಯದಲ್ಲಿ ಕೂತು ಕಣಗಳ ಗದ್ದಲ ಬೇರೆ ಬೇರೆ ಇದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ ಎಂಬ ಷರತ್ತು ಸೇರಿಸಿದರು, ಅದಕ್ಕೆ ಒಗ್ಗದ, ತಮಗೆ ಎಲ್ಲಕ್ಕಿಂತ ಪ್ರಿಯವಾಗಿದ್ದ ಕೊನೆಯ ಭಾಗವನ್ನು ತಾವೇ ಕಿತ್ತರು. ಕಳಿಸುವ ಗುಂಡಿ ಒತ್ತಿದರು. ಇಪ್ಪತ್ಮೂರು ದಿನ ಸುದ್ದಿಯಿಲ್ಲ. ಪಾಠದ ನಡುವೆ ಫೋನ್ ಗುಂಯ್ ಎಂದರೆ ಬರೆಯುತ್ತಿದ್ದ ಸಮೀಕರಣ ಅರ್ಧಕ್ಕೆ ನಿಲ್ಲುತ್ತಿತ್ತು.

ಕೊನೆಗೆ ಪ್ರಬಂಧ ಸ್ವೀಕಾರವಾಯಿತು, ಮೊದಲಿಗಿಂತ ಚಿಕ್ಕದಾಗಿ. ಕಾಲೇಜಿನಲ್ಲಿ ಯಾರಿಗೂ ಹೇಳಿಲ್ಲ; ಗದ್ದಲ ಒಂದೇ ಇದ್ದಾಗ ಏನು ಮಾಡಬೇಕೆಂಬ ಚಿಂತೆ ಆಗಲೇ ಹತ್ತಿಕೊಂಡಿದೆ.

"ನಾಕು ಪುಟ ಹೋದ್ವು. ಹೊಟ್ಟಿ ಉರೀತು, ಸುಳ್ಳ್ಯಾಕ ಹೇಳ್ಲಿ," ಎನ್ನುತ್ತಾರೆ ಕಹಕಶಾ. "ಆದ್ರ ಉಳಿದದ್ರಾಗ ಯಾವ ಸಾಲಿನ ಮ್ಯಾಲೆ ಬೆರಳಿಟ್ಟು ಕೇಳಿದ್ರೂ ನಾ ತಲಿ ತಗ್ಗಸಂಗಿಲ್ರೀ."