ಬಡಿಸುವ ಕೈಗೂ ಒಂದು ಸರ್ಟಿಫಿಕೇಟು

ನಮ್ಮ ಅಡುಗೆಮನೆಯಲ್ಲೊಂದು ಸೌಟಿದೆ. ಸ್ಟೀಲಿನದು; ಹಿಡಿ ಕೊಂಚ ಬಾಗಿದೆ, ತಲೆ ಮಾತ್ರ ಹಿಡಿಗೆ ಹೊಂದದಷ್ಟು ದೊಡ್ಡದು. ಹದಿನೆಂಟು ವರ್ಷದ ಹಿಂದೆ ಮೈಸೂರಿನಿಂದ ಮಲೇಷ್ಯಾಕ್ಕೆ ಬರುವಾಗ ರೇಷ್ಮೆ ಸೀರೆಗಳ ನಡುವೆ ಮಲಗಿಸಿ ತಂದದ್ದು. ಅದರಲ್ಲಿ ಎಷ್ಟು ಸಾರು ಹಿಡಿಯುತ್ತದೆ ಎಂದು ನೀವು ಕೇಳಿದ್ದರೆ, ಮೊನ್ನೆ ಮೊನ್ನೆಯವರೆಗೆ ನಾನು ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಿದ್ದೆ. ಸೌಟಿರುವುದು ಬಡಿಸುವುದಕ್ಕೆ, ಅಳೆಯುವುದಕ್ಕಲ್ಲ. ಈಗ ಕೇಳಿ, ಥಟ್ಟನೆ ಹೇಳುತ್ತೇನೆ: ಅಂಚಿನ ಮಟ್ಟಕ್ಕೆ ನೂರು ಗ್ರಾಂ. ನಾನು ಬಡಿಸಿದರೆ ನೂರೈವತ್ತು. ಏಕೆಂದರೆ ನನ್ನದು ಒಂದು ಸೌಟಿಗೆ ನಿಲ್ಲುವ ಕೈಯಲ್ಲ, ಹಿಂದೆಯೇ ಇನ್ನರ್ಧ ಸೌಟು ಬಾಲದ ಹಾಗೆ ಹೋಗುತ್ತದೆ. ಈ ಜ್ಞಾನ ನನಗೆ ಸುಲಭವಾಗಿ ದಕ್ಕಿದ್ದಲ್ಲ.

ನಮ್ಮ ಯಜಮಾನರು ಸೈಬರ್‌ಜಯಾದ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ, ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ಕೆಲಸದಲ್ಲಿದ್ದರು. ಮನೆಯಲ್ಲೂ ಅದೇ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದರು. ಅವರ ಐವತ್ತೆರಡನೆಯ ವಯಸ್ಸಿನಲ್ಲಿ ಕಚೇರಿಯವರು ಕೇಕು ಕತ್ತರಿಸಿ, ಒಂದು ಮೊತ್ತ ಕೈಗಿಟ್ಟು, ಇನ್ನು ನಿಮ್ಮ ಅಗತ್ಯವಿಲ್ಲ ಎಂಬುದನ್ನು ಬಹಳ ಮರ್ಯಾದೆಯಿಂದ ತಿಳಿಸಿದರು. ಆಮೇಲಿನ ಮೂರು ತಿಂಗಳು ಅವರು ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಇಸ್ತ್ರಿಯಾದ ಅಂಗಿ ತೊಟ್ಟು, ಸೋಫಾದ ಮೇಲೆ ಕೂರುತ್ತಿದ್ದರು. ಆ ಅಂಗಿಯನ್ನು ನೋಡಲಾಗದೆ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಆದ್ದರಿಂದ ಒಂದು ದಿನ "ಸುಮಾ, ಒಂದು ಫ್ರಾಂಚೈಸಿ ತಗೊಳ್ಳೋಣ" ಎಂದಾಗ, ಏನು ಎತ್ತ ಎಂದು ವಿಚಾರಿಸದೆ ಹೂಂ ಎಂದುಬಿಟ್ಟೆ.

ಫ್ರಾಂಚೈಸಿ ಎಂದರೆ ನಿಮಗೆ ಗೊತ್ತಿರಬಹುದು. ಹೆಸರು ಅವರದು, ರುಚಿ ಅವರದು, ಫಲಕದ ಬಣ್ಣವೂ ಅವರದು. ಹಣ ಹಾಕುವುದು ಮತ್ತು ನಿದ್ದೆಗೆಡುವುದು ಮಾತ್ರ ನಮ್ಮದು. ಮದುವೆಯಾಗಿ ಗಂಡನ ಮನೆ ಸೇರಿದ ಹೆಣ್ಣಿಗೆ ಈ ಏರ್ಪಾಡಿನಲ್ಲಿ ಹೊಸದೇನೂ ಕಾಣುವುದಿಲ್ಲ. ನಮ್ಮದು ಚೆಂಡೋಲಿನ ಅಂಗಡಿ, ಪೆಟಾಲಿಂಗ್ ಜಯಾದ ರೈಲು ನಿಲ್ದಾಣದ ಹೊರಗೆ. ಚೆಂಡೋಲ್ ಎಂದರೆ ಪುಡಿ ಮಾಡಿದ ಮಂಜುಗಡ್ಡೆಯ ಮೇಲೆ ಹಸಿರು ಶಾವಿಗೆ, ತೆಂಗಿನ ಹಾಲು, ಬೆಲ್ಲದ ಪಾಕ. ನಮ್ಮ ಶಾವಿಗೆ ಪಾಯಸವೇ ಈ ದೇಶದ ಸೆಕೆಗೆ ಹೆದರಿ ಮಂಜಿನ ಮೇಲೆ ಹತ್ತಿ ಕುಳಿತಿದೆ ಎಂದುಕೊಳ್ಳಿ.

ಸಾಲಕ್ಕಾಗಿ ಬ್ಯಾಂಕಿಗೆ ಹೋದೆವು. ಯಜಮಾನರು ನಲವತ್ತು ಪುಟದ ಯೋಜನೆ ಸಿದ್ಧಮಾಡಿದ್ದರು. ಬಣ್ಣಬಣ್ಣದ ಗೆರೆಗಳೆಲ್ಲ ಮೇಲ್ಮುಖವಾಗಿ ಹತ್ತಿಕೊಂಡು ಹೋಗಿದ್ದವು. ಬ್ಯಾಂಕಿನ ಅಧಿಕಾರಿ ಒಬ್ಬ ತಮಿಳು ಹೆಣ್ಣುಮಗಳು. ನಲವತ್ತೂ ಪುಟ ತಿರುವಿ, ಕಿಟಕಿಯಾಚೆ ಸುರಿಯುತ್ತಿದ್ದ ಮಧ್ಯಾಹ್ನದ ಮಳೆಯನ್ನೊಮ್ಮೆ ನೋಡಿ, "ಸರ್, ಇದರಲ್ಲಿ ಮಳೆ ಎಲ್ಲಿದೆ?" ಎಂದು ಮೆಲ್ಲಗೆ ಕೇಳಿದರು. ದಿನ ಬಿಟ್ಟು ದಿನ ಮಳೆ ಬೀಳುವ ಊರಿನಲ್ಲಿ ಕುಳಿತು, ಇತರರ ತಪ್ಪು ಹುಡುಕಿ ಬದುಕಿದ ನಮ್ಮ ಯಜಮಾನರು ಮಳೆಯನ್ನೇ ಮರೆತಿದ್ದರು. ವಾರದೊಳಗೆ ಮಳೆ ಸೇರಿಸಿಕೊಂಡು ಮತ್ತೆ ಹೋದೆವು. ಗೆರೆಗಳು ಈಗ ಸ್ವಲ್ಪ ತಲೆತಗ್ಗಿಸಿದ್ದವು, ಅಧಿಕಾರಿಗೆ ಅದೇ ಹಿಡಿಸಿತು. ಅರ್ಧ ಹಣ ನಿಮ್ಮದು, ಅರ್ಧ ನಮ್ಮದು ಎಂದರು. ಜೊತೆಗೆ ಒಂದು ಷರತ್ತು: ನಮ್ಮಿಬ್ಬರಲ್ಲಿ ಒಬ್ಬರು ಚೆಂಡೋಲ್ ಕಂಪನಿಯ ತರಬೇತಿ ಮುಗಿಸಿ ಸರ್ಟಿಫಿಕೇಟು ತರಬೇಕು. ನಮ್ಮ ಅರ್ಧವೆಂದರೆ ಕೇಕಿನ ಜೊತೆ ಬಂದ ಆ ಮೊತ್ತವೇ. ಅದು ಹೋದರೆ ಸೋಫಾ ಒಂದೇ ಗತಿ.

"ಬಡಿಸೋದು ನಿಂಗೆ ನೀರು ಕುಡಿದಷ್ಟು ಸುಲಭ. ನೀನು ತರಬೇತಿಗೆ ಹೋಗು, ನಾನು ಲೆಕ್ಕ ನೋಡ್ಕೋತೀನಿ" ಎಂದು ಯಜಮಾನರು ತೀರ್ಮಾನಿಸಿದರು. ನಾನೂ ಬೀಗಿಕೊಂಡೇ ಹೋದೆ. ಅಲ್ಲಿ ಪ್ರತಿ ಬಟ್ಟಲನ್ನೂ ತಕ್ಕಡಿಯ ಮೇಲಿಟ್ಟು ತುಂಬಬೇಕು. ಪಾಕ ಒಂದು ಪುಟ್ಟ ಸೌಟು, ಅಂಚಿಗೆ ಸಮ. ಎರಡು ಗ್ರಾಂ ಹೆಚ್ಚಾದರೂ ತಕ್ಕಡಿ ಕೀಂ ಎನ್ನುತ್ತದೆ. ಪರೀಕ್ಷೆಗೆ ಇಪ್ಪತ್ತು ಬಟ್ಟಲು. ನನ್ನ ಇಪ್ಪತ್ತೂ ಬಟ್ಟಲು ಒಂದರ ಹಿಂದೊಂದು ಕೀಂ ಎಂದವು.

ತರಬೇತಿ ಕೊಡುವ ಸಲ್ಮಾ ಎಂಬ ಮಲಯ್ ಹುಡುಗಿ ಕೈಮುಗಿಯುವುದೊಂದು ಬಾಕಿ. "ಅಕ್ಕಾ, ಒಂದೇ ಸೌಟು ಲಾ" ಎಂದಳು, ಇಲ್ಲಿನವರು ಮಾತಿನ ಕೊನೆಗೆ ಅಂಟಿಸುವ 'ಲಾ' ಬಿಡದೆ.

"ಒಂದೇ ಹಾಕಿದ್ದಮ್ಮ. ಆಮೇಲಿಂದು ಸುಮ್ನೆ ಸ್ವಲ್ಪ" ಎಂದೆ.

ಆ ಸುಮ್ಮನೆ ಸ್ವಲ್ಪವನ್ನು ಯಜಮಾನರು ರಾತ್ರಿಯೊಳಗೆ ಲೆಕ್ಕ ಹಾಕಿದರು. ತಿಂಗಳಿಗೆ ನನ್ನ ಕೈಯಿಂದ ಸೋರಿಹೋಗುವ ಪಾಕದ ಬೆಲೆ ಹೆಚ್ಚುಕಡಿಮೆ ಬ್ಯಾಂಕಿನ ಕಂತಿನಷ್ಟೇ ಇತ್ತು. ಪರೀಕ್ಷೆಗೆ ಇನ್ನೊಂದೇ ಅವಕಾಶ, ಒಂದು ವಾರ ಸಮಯ. ತಪ್ಪು ನನ್ನದಲ್ಲ, ನನ್ನನ್ನು ಬೆಳೆಸಿದವರದು ಎಂದು ನಿಮ್ಮೆದುರು ಮಾತ್ರ ವಾದಿಸುತ್ತೇನೆ. ನಮ್ಮಲ್ಲಿ ಉಂಡವರು ಮೊದಲು ಹೇಳುವ "ಸಾಕು" ಮರ್ಯಾದೆಯದು, ಎರಡನೆಯದು ಸಂಕೋಚದ್ದು, ಮೂರನೆಯದಷ್ಟೇ ಹೊಟ್ಟೆಯದು. ಮೂರನೆಯ "ಸಾಕು" ಕೇಳುವ ಮೊದಲೇ ಸೌಟು ಕೆಳಗಿಟ್ಟವಳು ಮನೆಯೊಡತಿಯೇ ಅಲ್ಲ. ಈ ಸಂಸ್ಕಾರವನ್ನು ಗ್ರಾಮಿನ ತಕ್ಕಡಿಗೆ ಹೇಗೆ ವಿವರಿಸುವುದು, ಹೇಳಿ.

ಮನೆಯಲ್ಲಿ ಕಠಿಣ ಅಭ್ಯಾಸ ಶುರುವಾಯಿತು. ಊಟದ ಮೇಜಿನ ಮೇಲೆ ತಕ್ಕಡಿ, ತಕ್ಕಡಿಯ ಮೇಲೆ ತಟ್ಟೆ. ನಾನು ಸಾರು ಹಾಕಿದರೆ ಯಜಮಾನರು ಬಗ್ಗಿ ನೋಡಿ "ಹದಿನೆಂಟು ಜಾಸ್ತಿ" ಎನ್ನುವರು. ಹೀಗಲ್ಲ, ಹೀಗೆ ಎಂದು ತಾವೇ ಹಾಕಿ ತೋರಿಸುವರು. ನಾಲ್ಕನೆಯ ದಿನ ನನ್ನ ಕೈ ಸ್ವಲ್ಪ ಹಿಡಿತಕ್ಕೆ ಬಂತು. ಅಂದೇ ಮೆಲಾಕಾದಿಂದ ಡಾಕ್ಟರ್ ಇನಾಯತ್ ಮತ್ತು ಶಮೀಮ್ ಊಟಕ್ಕೆ ಬಂದರು. ಅವರು ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವರು, ಹುಬ್ಬಳ್ಳಿಯ ಕಡೆಯವರು, ನಮ್ಮ ಹಳೆಯ ಸ್ನೇಹಿತರು. ಹಿಡಿತ ತಪ್ಪೀತೆಂಬ ಭಯದಲ್ಲಿ ನಾನು ಎಲ್ಲರಿಗೂ ಅಂಚಿನ ಮಟ್ಟದ ಒಂದೊಂದೇ ಸೌಟು ಹುಳಿ ಬಡಿಸಿದೆ. ಇನ್ನೊಮ್ಮೆ ಬೇಕೇ ಎಂದಾಗ ಡಾಕ್ಟರು ವಾಡಿಕೆಯಂತೆ "ಸಾಕ್ರಿ" ಎಂದರು, ನಾನು ಸೌಟು ಕೆಳಗಿಟ್ಟುಬಿಟ್ಟೆ. ಡಾಕ್ಟರು ಬರಿ ಅನ್ನವನ್ನು ಬಹಳ ಹೊತ್ತು ಕಲಸಿದರು.

ಮರುದಿನ ಶಮೀಮ್ ಫೋನು. "ಅಕ್ಕಾರ, ನಮ್ಮಿಂದ ಏನರ ತಪ್ಪಾಗೇತೇನ್ರಿ? ದಾರ್ಯಾಗ ಮಾಮಕ್ ಖಾನಾವಳಿಯೊಳಗ ರೊಟ್ಟಿ ತಿಂದು ಮನಿ ಮುಟ್ಟಿದ್ವಿ. ಹಸಿವಿಂದ ಏನಿಲ್ಲ ಬಿಡ್ರಿ, ನೀವು ಮತ್ತ ಕೇಳಲಿಲ್ಲ ಅಂತ ಇವರಿಗೆ ನಿದ್ದಿ ಹತ್ತಲಿಲ್ಲ." ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಸರ್ಟಿಫಿಕೇಟು ಬಂದರೆ ನಾನು ಇಂಥವಳಾಗುತ್ತೇನೆಯೇ ಎಂದು ಭಯವಾಯಿತು. ಬಾರದಿದ್ದರೆ ಆ ಅಂಗಿ ಮತ್ತೆ ಸೋಫಾಕ್ಕೆ ಮರಳುತ್ತದಲ್ಲ ಎಂದು ಇನ್ನೂ ಭಯವಾಯಿತು.

ಪರೀಕ್ಷೆಯ ದಿನ ನಾನು ತಕ್ಕಡಿಯ ಮುಂದೆ ನಿಂತೆ, ಸೌಟನ್ನೆತ್ತಿದೆ, ಎತ್ತಿದ್ದನ್ನು ಜೊತೆಗೆ ಬಂದು ಪಕ್ಕದಲ್ಲಿ ನಿಂತಿದ್ದ ಯಜಮಾನರ ಕೈಗೆ ಕೊಟ್ಟೆ. "ರೀ, ನೀವು ಹಾಕಿ."

"ನಾನಾ? ನಾನು ಯಾವತ್ತು ಬಡಿಸಿದೀನಿ?"

"ವಾರದಿಂದ ನಂಗೆ ಹೇಳಿಕೊಟ್ಟೋರು ಯಾರು?"

ಇಬ್ಬರಲ್ಲಿ ಯಾರಾದರೂ ಸರಿ ಎಂದು ಸಲ್ಮಾ ಒಪ್ಪಿದಳು. ಅವರು ಇಸ್ತ್ರಿಯಾದ ತೋಳನ್ನು ಎರಡು ಸುತ್ತು ಮಡಿಚಿದರು. ಮೊದಲ ಬಟ್ಟಲು ಕೀಂ ಎನ್ನಲಿಲ್ಲ. ಹತ್ತನೆಯದೂ ಎನ್ನಲಿಲ್ಲ. ಇಪ್ಪತ್ತನೆಯದಕ್ಕೆ ಸಲ್ಮಾ ತಕ್ಕಡಿಯನ್ನೇ ಅಲ್ಲಾಡಿಸಿ ನೋಡಿ, "ಅಣ್ಣಾ, ಇಷ್ಟು ವರ್ಷ ಎಲ್ಲಿದ್ರಿ?" ಎಂದಳು. "ಸೈಬರ್‌ಜಯಾದಲ್ಲಿ" ಎಂದರು ಯಜಮಾನರು, ಬಹಳ ಗಂಭೀರವಾಗಿ. ಅವರ ಕಣ್ಣಂಚು ಒದ್ದೆಯಾಗಿತ್ತು. ನನ್ನದಂತೂ ಹೇಳುವುದೇ ಬೇಡ.

ಸಾಲ ಮಂಜೂರಾದ ಭಾನುವಾರ ಡಾಕ್ಟರ ಮನೆಯವರನ್ನು ಮತ್ತೆ ಊಟಕ್ಕೆ ಕರೆದೆವು. ಅಡುಗೆ ನನ್ನದು. ಬಡಿಸಲು ಮಾತ್ರ ಸರ್ಟಿಫಿಕೇಟು ಪಡೆದವರೇ ಮುಂದಾದರು, ನಮ್ಮ ಹಳೆಯ ಸೌಟು ಹಿಡಿದು. ಡಾಕ್ಟರಿಗೆ ಅಂಚಿನ ಮಟ್ಟಕ್ಕೆ ಒಂದು ಸೌಟು ಹುಳಿ ಬಿತ್ತು. "ಸಾಕ್ರಿ" ಎಂದರು ಡಾಕ್ಟರು. ಸೌಟು ಗಾಳಿಯಲ್ಲೇ ನಿಂತಿತು; ನಾನೂ ಶಮೀಮೂ ಉಸಿರು ಬಿಗಿಹಿಡಿದೆವು. "ಇನ್ನರ್ಧ ಹಾಕಿಸ್ಕೊಳ್ಳಿ ಡಾಕ್ಟ್ರೇ, ಇಲ್ಲಿ ತಕ್ಕಡಿ ಇಲ್ಲ" ಎಂದರು ಯಜಮಾನರು. ಮೂರು ಸಾಕುಗಳೂ ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿ, "ನಿಂಗೆ?" ಎಂದರು. ಊರಿನಿಂದ ತಂದು ಹದಿನೆಂಟು ವರ್ಷವಾದರೂ ಆ ಸೌಟು ಇನ್ನೊಬ್ಬರ ಕೈಯಲ್ಲಿದ್ದುಕೊಂಡು ನನ್ನ ಉಪಚಾರ ಮಾಡಿದ್ದು ಅದೇ ಮೊದಲು. ಸಾಕು ಎಂದೆ. ಅವರು ಮತ್ತೆ ಕೇಳಿದರು, ಮತ್ತೆ ಸಾಕು ಎಂದೆ. ಮೂರನೆಯ ಸಾಕನ್ನು ನಾನು ಹೇಳಲೇ ಇಲ್ಲ.