ಚಪ್ಪಲಿ ರಾಶಿಯ ಮೇಲ್ಮನವಿ

ಆ ಟೌನ್ ಹಾಲಿನ ಗೋಡೆಯ ಮೇಲೆ ಗಡಿಯಾರ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇತ್ತು ಎಂದರೆ ದೃಶ್ಯ ಚೆನ್ನಾಗಿ ಕೂಡಿಕೊಳ್ಳುತ್ತದೆ, ಅದಕ್ಕೇ ಹೇಳುವುದಿಲ್ಲ. ಪರದೆಯ ಮೇಲಿನ ಫೋಟೋ ಮಾತ್ರ ಖಂಡಿತ ಇತ್ತು. ನಮ್ಮ ಮನೆಯ ಮುಂಬಾಗಿಲು, ಅದರ ಮುಂದೆ ಚಪ್ಪಲಿಗಳ ರಾಶಿ.

ಅಮೆರಿಕದ ಹೆದ್ದಾರಿಯಲ್ಲಿ ನೋವೈ ಎಂಬ ಊರು ದಾಟಿ ಮುಂದಿನ ಎಕ್ಸಿಟ್ ತೆಗೆದುಕೊಂಡರೆ ನಮ್ಮ ಊರು. ರಿಸೆಶನ್ ಬಂದು ಕಾರಿನ ಕಂಪನಿ ನನ್ನ ಗಂಡನನ್ನು ಮನೆಗೆ ಕಳಿಸಿದ ಮೇಲೆ, ಆ ಮನೆ ನಮ್ಮದಾಗಿ ಉಳಿಯುವುದು ನಾನು ಅದರಲ್ಲೇ ನಡೆಸುತ್ತಿದ್ದ ಡೇಕೇರ್ ಮೇಲೆ ನಿಂತಿತ್ತು. ಆರು ಮಕ್ಕಳವರೆಗೆ ಊರಿನ ಆಡಳಿತದ ಒಪ್ಪಿಗೆ ಬೇಡ. ಆದರೆ ಗಂಡಂದಿರ ಕೆಲಸ ಹೋಗಿ ತಾವೇ ಹೊರಗೆ ದುಡಿಯಲು ಹೊರಟ ಹೆಂಗಸರು ಇನ್ನೂ ಇದ್ದರು, ಅವರ ಮಕ್ಕಳೂ ಇದ್ದವು. ಹೆಚ್ಚು ಮಕ್ಕಳಿಗಾಗಿ ಅಪ್ಲೈ ಮಾಡಿದೆ. ಪ್ಲಾನಿಂಗ್ ಆಫೀಸಿನವನು ಆಗುವುದಿಲ್ಲ ಎಂದ. ಈಗಾಗಲೇ ಆ ಮನೆಗೆ ವಿಪರೀತ ಜನ ಬರುತ್ತಾರಂತೆ. ಆಧಾರವೇನು? ಪಕ್ಕದ ಮನೆಯವಳು ತೆಗೆದು ಕಳಿಸಿದ ಈ ಫೋಟೋ.

ಅದು ಗೌರಿ ಹಬ್ಬದ ದಿನದ್ದು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು. ಡೇಕೇರ್ ಮಕ್ಕಳ ಕಾಲು ಅಷ್ಟು ದೊಡ್ಡದಿರುವುದಿಲ್ಲ ಎಂಬುದು ಇಡೀ ಇಲಾಖೆಯಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಮೇಲ್ಮನವಿ ಹೋಗುವುದು ಊರಿನದೇ ಬೋರ್ಡಿಗೆ. ಅದನ್ನು ಮರುಪರಿಶೀಲನೆ ಎನ್ನುತ್ತಾರೆ. ಆಗುವುದಿಲ್ಲ ಎಂದವನೇ ಮೊದಲು ಎದ್ದು, ಏಕೆ ಆಗುವುದಿಲ್ಲ ಎಂದು ಓದುತ್ತಾನೆ. ಬೋರ್ಡಿನವರು ಅವನನ್ನು ಗೆಳೆಯನಂತೆ ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ನಮ್ಮ ಸರದಿ, ಕೊನೆಗೆ ಸಾರ್ವಜನಿಕರದ್ದು. ಅಲ್ಲಿಗೆ ಮುಗಿಯಿತು. ಮುಂದೆ ಕೋರ್ಟಿಗೆ ಹೋದರೂ ಆ ಸಂಜೆ ಮೈಕಿನಲ್ಲಿ ಹೇಳಿದ್ದಷ್ಟನ್ನೇ ನೋಡುತ್ತಾರೆ, ಹೊಸ ಮಾತು ಸೇರಿಸುವಂತಿಲ್ಲ. ಇದನ್ನೆಲ್ಲ ನಮ್ಮವರಲ್ಲಿ ಒಬ್ಬೊಬ್ಬರಿಗೂ ಫೋನ್ ಮಾಡಿ ಬಿಡಿಸಿ ಹೇಳಿದ್ದೆ.

ಎಲ್ಲರೂ ಬಂದರು. ಹಬ್ಬಕ್ಕೆ ಬಂದಿದ್ದ ಹೆಂಗಸರು, ಅವರ ಗಂಡಂದಿರು, ನಮ್ಮ ಕನ್ನಡ ಕೂಟಕ್ಕೆಲ್ಲ ಹಿರಿಯರಾದ ನಿವೃತ್ತ ಡಾಕ್ಟರ್ ಅಂಕಲ್. ಅಂಕಲ್ ಕೋಟು, ಟೈ ಹಾಕಿಕೊಂಡಿದ್ದರು.

ನಾನು ಹೇಳಿದೆ: ಇವು ಹಬ್ಬದ ಅತಿಥಿಗಳ ಚಪ್ಪಲಿ, ನಾವು ಹೊರಗೆ ಬಿಟ್ಟೇ ಒಳಗೆ ಹೋಗುವವರು. ಅಧ್ಯಕ್ಷ ತಲೆಯಾಡಿಸಿ, ಇದಕ್ಕೆ ಬೇರೆ ಯಾರಾದರೂ ಸಾಕ್ಷಿ ಹೇಳುತ್ತಾರೆಯೇ ಎಂದು ಹಾಲಿನ ಕಡೆ ನೋಡಿದ.

ನನ್ನ ಹಿಂದಿನ ಸಾಲಿನಲ್ಲಿ ಒಬ್ಬಳು ಪಿಸುಗುಟ್ಟಿದಳು. "ಅಯ್ಯೋ, ಆ ಕೆಂಪು ಪಟ್ಟಿದು ನಂದೇ ಕಣೇ!"

"ಹಾಗಾದ್ರೆ ಎದ್ದು ಹೇಳೇ."

"ಅಂಕಲ್ ಮೊದಲು ಮಾತಾಡ್ಲಿ."

"ಹೌದ್ರೀ," ಇದು ಧಾರವಾಡದ ಗಂಡಸಿನ ದನಿ, "ಹಿರ್ಯಾರು ಕುಂತಿರಬೇಕಾದ್ರ ನಾವ್ ಹೆಂಗ್ ಏಳೂದು?"

ಅಂಕಲ್ ಕೋಟಿನ ಗುಂಡಿ ಹಾಕಿಕೊಂಡು ಸಿದ್ಧರಾಗಿ ಕೂತೇ ಇದ್ದರು. ನಮ್ಮ ಸಮಾರಂಭಗಳಲ್ಲಿ ಯಾರೂ ತಾವಾಗಿ ವೇದಿಕೆ ಹತ್ತುವುದಿಲ್ಲ. ಹೆಸರು ಹೇಳಿ, ಎರಡು ಒಳ್ಳೆಯ ಮಾತಾಡಿ, ದಯವಿಟ್ಟು ಬರಬೇಕು ಎಂದು ಕರೆಯುತ್ತಾರೆ. ಅಂಕಲ್ ಆ ಕರೆಗೆ ಕಾಯುತ್ತಿದ್ದರು. ಉಳಿದವರು ಅಂಕಲ್‌ಗೆ ಕಾಯುತ್ತಿದ್ದರು.

"ಅಂಕಲ್, ಏಳಿ!" ಎಂದು ತಿರುಗಿ ಕೂಗಿದೆ. ನನ್ನ ಸಮಯ ಮುಗಿದಿದೆ, ಸುಮ್ಮನಿರಬೇಕು ಎಂದ ಅಧ್ಯಕ್ಷ. ಸಾಕ್ಷಿ ಹೇಳುವವರು ಇದ್ದಾರೆಯೇ ಎಂದು ಅವನು ಮೂರು ಸಲ ಕೇಳಿದ ಎಂದು ನನ್ನ ನೆನಪು. ಒಂದೇ ಸಲ ಎನ್ನುತ್ತಾನೆ ಗಂಡ. ಮೂರು ಸಲ ಎಂದರೆ ಸಿಟ್ಟು ನಮ್ಮವರ ಮೇಲೆ ಬರುತ್ತದೆ, ಒಂದೇ ಸಲ ಎಂದರೆ ಅಧ್ಯಕ್ಷನ ಮೇಲೆ. ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ. ಸಿಟ್ಟು ಮಾತ್ರ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಪರವಾಗಿ ಯಾರೂ ಮಾತಾಡಲಿಲ್ಲ ಎಂದು ದಾಖಲಾಯಿತು. ಆಫೀಸಿನವನ ತೀರ್ಮಾನವನ್ನೇ ಎತ್ತಿ ಹಿಡಿದರು. ಬೋರ್ಡಿನಲ್ಲಿ ಒಬ್ಬರೂ ವಿರೋಧಿಸಲಿಲ್ಲ.

ಪಾರ್ಕಿಂಗ್ ಲಾಟಿನಲ್ಲಿ ಅಂಕಲ್ ನನ್ನನ್ನು ತಡೆದರು. "ಏನಮ್ಮಾ, ನನ್ನ ಕರೀಲೇ ಇಲ್ವಲ್ಲ ಅವರು? ಪಾಯಿಂಟ್ಸ್ ಎಲ್ಲ ರೆಡಿ ಮಾಡ್ಕೊಂಡು ಬಂದಿದ್ದೆ."

"ಅಲ್ಲಿ ಯಾರನ್ನೂ ಕರೆಯಲ್ಲ ಅಂಕಲ್. ನಾವೇ ಏಳ್ಬೇಕು."

"ಹಾಗೆ ನಾವಾಗೇ ಮುಂದೆ ಬೀಳೋದು ಚೆನ್ನಾಗಿರಲ್ಲ ಕಣಮ್ಮಾ."

ಚೆನ್ನಾಗಿರುವುದಿಲ್ಲ! ನನ್ನ ಮನೆ ಹೋಗುವುದು ಚೆನ್ನಾಗಿರುತ್ತದೆಯೇ ಎಂದು ಕೇಳಬೇಕಿತ್ತು. ಕೇಳಿದೆ ಎಂದು ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದೇನೆ. ಕೇಳಲಿಲ್ಲ. ಹಿರಿಯರಲ್ಲವೇ.

ಬೋರ್ಡಿನವರನ್ನಷ್ಟೇ ಕೆಟ್ಟವರನ್ನಾಗಿಸಿ ಇದನ್ನು ಮುಗಿಸಿದರೆ ಕೇಳುವವರಿಗೆ ಸಮಾಧಾನ. ಆದರೆ ಪರದೆಯ ಮೇಲೆ ತಮ್ಮದೇ ಚಪ್ಪಲಿ ನೋಡಿಯೂ ಬಾಯಿಬಿಡದವರು ಬೋರ್ಡಿನವರಲ್ಲ.

ಮರುದಿನ ಬೆಳಿಗ್ಗೆ ಬೆಲ್ ಆಯಿತು. ಹಿಂದಿನ ಸಂಜೆ ಹಾಲಿನಲ್ಲಿ ಕೂತಿದ್ದ ಎಳೆವಯಸ್ಸಿನ ಒಬ್ಬ ಅಪ್ಪ. ಹೆಂಡತಿಗೆ ಕೆಲಸ ಸಿಕ್ಕಿತ್ತು, ಮಗು ನನ್ನಲ್ಲಿಗೆ ಬರಬೇಕಿತ್ತು.

"ಆಂಟಿ, ನಾವೆಲ್ಲ ನಿಮ್ಮ ಸಪೋರ್ಟ್‌ಗೇ ಇದೀವಿ. ನಿಮ್ಮಷ್ಟು ಪ್ರೀತಿಯಿಂದ ಯಾರು ನೋಡ್ಕೋತಾರೆ ಹೇಳಿ? ನಮ್ಮ ಪುಟ್ಟಿ ಒಬ್ಬಳನ್ನ ಹೇಗಾದ್ರೂ ಅಡ್ಜಸ್ಟ್ ಮಾಡ್ಕೊಳ್ಳಿ."

"ಎಷ್ಟು ಚೆನ್ನಾಗಿ ಮಾತಾಡ್ತೀರಪ್ಪಾ. ನಿನ್ನೆ ಮೈಕ್ ಮುಂದೆ ಏನಾಗಿತ್ತು?"

"ಅದೂ... ಅಂಕಲ್ ಇದ್ರಲ್ಲ ಆಂಟಿ," ಎನ್ನುತ್ತ, ಒಳಗೆ ಕರೆದೇ ಕರೆಯುತ್ತೇನೆಂಬ ನಂಬಿಕೆಯಿಂದ ಬಗ್ಗಿ ಲೇಸಿಗೆ ಕೈಹಾಕಿದ.

"ಶೂ ಬಿಚ್ಚಬೇಡಿ," ಎಂದೆ.