ದಾರದ ಗುಂಡಿಗೆ ಎರಡು ಸುಳ್ಳು

ಸುನಂದಾ, ನಿನ್ನ ಅಜ್ಜಿ ನಿನ್ನನ್ನು ಎಂದೂ ದೂರ ಇಟ್ಟವರಲ್ಲ. ಇಟ್ಟವಳು ನಾನು, ನಿನ್ನ ಅವ್ವ. ಅವರಿಗೊಂದು ಸುಳ್ಳು ಹೇಳಿದೆ, ನಿನಗೊಂದು.

ಮಕ್ತಲ್‌ನ ಮನೆಯಲ್ಲಿ ನನ್ನ ಅತ್ತೆ, ನಿನ್ನ ಅಜ್ಜಿ, ಅಂಗಿಗಳಿಗೆ ದಾರದ ಗುಂಡಿ ಮಾಡುತ್ತಿದ್ದುದು ನಿನಗೆ ನೆನಪಿದೆ. ಚಿಂದಿಯನ್ನು ಕಡಲೆಯಷ್ಟು ಉಂಡೆ ಮಾಡಿ, ನಾರಾಯಣಪೇಟೆಯ ಮಗ್ಗಗಳಲ್ಲಿ ಉಳಿದ ನೂಲನ್ನು ಸೂಜಿಗೆ ಪೋಣಿಸಿ, ಚಿಂದಿ ಕಾಣದಂತೆ ಸುತ್ತಲೂ ಹೆಣೆಯುವುದು. ದರ್ಜಿಗಳು ಹೊಗಳಿ ಒಯ್ಯುತ್ತಿದ್ದರು. ಆ ಹೊಗಳಿಕೆಯ ಹಿಂದೆ ನನ್ನ ಬಗ್ಗಿದ ಕತ್ತಿನ ನೋವಿತ್ತು. ಮದುವೆಯಾಗಿ ಬಂದ ಹೊಸದರಲ್ಲೇ ನನ್ನ ಕೈಗೆ ಸೂಜಿ ಬಂತು. ಒಲೆ ಬಿಟ್ಟರೆ ಸೂಜಿ, ಸೂಜಿ ಬಿಟ್ಟರೆ ಒಲೆ. ನೀನು ಹೊಟ್ಟೆಯಲ್ಲಿದ್ದಾಗಲೂ ಬಗ್ಗಿ ಕೂತೇ ಇದ್ದೆ.

ನೀನು ಆರನೆಯ ತರಗತಿಯಲ್ಲಿದ್ದೆ. ಯಾರೂ ಕಲಿಸದೆ, ಬರೀ ನೋಡಿ, ಒಂದು ಗುಂಡಿ ಹೆಣೆದೆ. ನೀನು ಶಾಲೆಗೆ ಹೋದಾಗ ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ನೋಡವ್ವಾ, ಹುಡುಗಿ ಕೈಯಾಗ ಕಲಾ ಐತಿ. ನಾಳಿಂದ ನನ್ನ ಬಾಜೂಕ ಕುಂದರಲಿ, ಕಲಿಸ್ತೀನಿ."

ಮುಂದಿನದೆಲ್ಲ ನನಗೆ ಕಂಡಿತು. ಇಂದು ಒಂದು ಗುಂಡಿ, ನಾಳೆ ಬುಟ್ಟಿ ತುಂಬ, ಆಮೇಲೆ ಶಾಲೆ ಯಾಕೆ ಎಂಬ ಮಾತು. ತವರಿನಲ್ಲಿ ಮನೆಗೆಲಸಕ್ಕೆಂದು ನನ್ನನ್ನೂ ಹಾಗೆಯೇ ಶಾಲೆ ಬಿಡಿಸಿದ್ದರು.

"ಆಕಿಗೆ ಬ್ಯಾಡಂತರಿ ಅತ್ತಿ. ಮುದುಕೇರ ಕೆಲಸ, ನಾಚಿಕಿ ಬರ್ತೈತಿ ಅಂದಾಳ," ಎಂದೆ.

ಸಂಜೆ ನಿನಗೆ ಹೇಳಿದೆ: "ಅಜ್ಜಿ ಹತ್ರ ಹೋಗಬ್ಯಾಡ. ನೂಲು ಕೆಡಿಸ್ತೀ ಅಂತ ಬೈದಾರ."

ಅಂದಿನಿಂದ ನೀನು ಅವರ ಕೋಣೆಯ ಹೊಸ್ತಿಲು ದಾಟಲಿಲ್ಲ. ಅವರು ಕರೆಯಲಿಲ್ಲ. ಒಂದೇ ಸೂರಿನ ಕೆಳಗೆ ಇಬ್ಬರೂ ನನ್ನ ಮಾತನ್ನು ನಂಬಿ ಬದುಕಿದಿರಿ.

ನಿನ್ನ ಓದಿಗಾಗಿ ಮಾಡಿದೆ — ಹೌದು. ಅದಕ್ಕೆ ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ. ಆದರೆ ಅಷ್ಟೇ ಆಗಿದ್ದರೆ... ಇಲ್ಲ, ಪೂರ್ತಿ ಹೇಳುತ್ತೇನೆ. ಅಷ್ಟು ವರ್ಷ ಹೆಣೆದರೂ ಅತ್ತೆ ನನ್ನ ಗುಂಡಿಯನ್ನು ಒಮ್ಮೆಯೂ ಬೆಳಕಿಗೆ ಹಿಡಿದು ನೋಡಿರಲಿಲ್ಲ. ನಿನ್ನದನ್ನು ನೋಡಿದರು. ಅದು ನನಗೆ ಚುಚ್ಚಿತು, ಸುನಂದಾ. ಹೆತ್ತ ಮಗಳ ಮೇಲೆಯೇ ಹೊಟ್ಟೆಕಿಚ್ಚು.

ಕೊನೆಯ ಬೇನೆಯಲ್ಲಿ ಅವರು ಕೇಳಿದರು: "ಹುಡುಗಿಗೆ ಇನ್ನೂ ನಾಚಿಕಿ ಏನವ್ವಾ?" ನೀನು ಪಕ್ಕದ ಕೋಣೆಯಲ್ಲೇ ಓದುತ್ತಿದ್ದೆ. ಕರೆಯಬಹುದಿತ್ತು. ನಾನು ಕರೆಯಲಿಲ್ಲ; ಅವರಿಗೆ ನೀರು ಕುಡಿಸಿದೆ.

ಹೋದ ವಾರ ನೀನು ಕೆಲಸದಲ್ಲಿರುವ ಗದ್ವಾಲದಿಂದ ಬಂದೆ. ರಜೆಯ ದಿನಗಳಲ್ಲಿ ಯಾರದೋ ಬಳಿ ಗುಂಡಿ ಹೆಣೆಯಲು ಕಲಿಯುತ್ತಿದ್ದೀಯಂತೆ. ಒಂದನ್ನು ನನ್ನ ಅಂಗೈಯಲ್ಲಿಟ್ಟು, "ಅಜ್ಜಿಗೆ ನನ್ನ ಕಂಡ್ರ ಆಗ್ತಿರಲಿಲ್ಲಲ್ಲ ಅವ್ವಾ, ಇಲ್ಲಂದ್ರ ಆಗಲೇ ಕಲೀತಿದ್ದೆ," ಎಂದು ನಕ್ಕೆ. ಇಷ್ಟು ವರ್ಷದ ಮೇಲೂ ಆ ನಗುವಿನಲ್ಲಿ ನೋವಿತ್ತು.

ಸೂಜಿಯಿಂದ ನಿನ್ನನ್ನು ತಪ್ಪಿಸಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಆ ಕಾಲ ಮತ್ತೆ ಬಂದರೆ ಮತ್ತೆ ತಪ್ಪಿಸುತ್ತೇನೆ — ಎದುರಿಗೇ ನಿಂತು, ಜಗಳ ಮಾಡಿ. ಅಂದು ಜಗಳಕ್ಕೆ ಧೈರ್ಯ ಸಾಲದೆ ಸುಳ್ಳು ಹೇಳಿದೆ. ನಿನ್ನಿಂದ ಅಜ್ಜಿಯನ್ನು ಕಿತ್ತುಕೊಂಡೆ. ಅವರಿಂದ ನಿನ್ನನ್ನು.

ಈಗ ಮನಸ್ಸಿನಲ್ಲೇ ಹೇಳಿಕೊಂಡ ಇದನ್ನೇ ಭಾನುವಾರ ನೀನು ಬಂದಾಗ ಬಾಯಿಬಿಟ್ಟು ಹೇಳುತ್ತೇನೆ. ನೀನು ಎದ್ದು ಹೋದರೆ ತಡೆಯುವುದಿಲ್ಲ.